ಹಿಮ್ಮಡ ಹಿಡದದ, 60 ದಿನದ ವಾಕಿಂಗ್ ಚಾಲೆಂಜ್ ಅರ್ಧಕ್ಕ ಬಿಡಲೋ ಹೆಂಗ?

ಓದುಗರ ಪ್ರಶ್ನೆ: ನಾನು ವಿಜಯಪುರದಾವ್ರಿ, ಬ್ಯಾಂಕಿನ್ಯಾಗ ಕೆಲಸ. ವಯಸ್ಸು 47, ತೂಕ 86 ಕೆಜಿ. ಐದಾರು ವರ್ಷದಿಂದ ಶುಗರ್ ಅದ, ಮೆಟ್‌ಫಾರ್ಮಿನ್ ಮತ್ತ ಗ್ಲಿಮೆಪಿರೈಡ್ ಕೂಡಿದ ಗುಳಗಿ ತಗೋತೀನಿ. ನಮ್ಮ ತಂಗಿ ಮಗನಿಗೆ 9 ವರ್ಷ, ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ, ವೀಲ್‌ಚೇರ್‌ನ್ಯಾಗ ಇರ್ತಾನ. ಅವನು ಥೆರಪಿಗೆ ಹೋಗೂ ಸಂಸ್ಥೆಗೆ ಸಹಾಯ ಆಗ್ಲಿ ಅಂತ ಫೆಬ್ರವರಿ 1ರಿಂದ 60 ದಿನ, ಒಂದು ದಿನಾನೂ ತಪ್ಪದಂಗ 10,000 ಹೆಜ್ಜಿ ನಡೀತೀನಿ ಅಂತ ವಾಟ್ಸಾಪ್ ಗ್ರೂಪಿನ್ಯಾಗ ಹೇಳಿ ರೊಕ್ಕ ಕೂಡಸಾಕತ್ತೀನಿ. ಮೊದಲ ಫೋನಿನ್ಯಾಗ ದಿನಕ್ಕ 3,000 ತೋರಸ್ತಿತ್ತು. ಈಗ 12 ದಿನ ಆತು. ಎಂಟನೇ ದಿನದಿಂದ ಎಡಗಾಲಿನ ಹಿಮ್ಮಡ, ಮುಂಜಾನೆ ಎದ್ದು ಕಾಲು ಊರಿದ ಕೂಡ್ಲೆ ಮೊಳಿ ಚುಚ್ಚಿದಂಗ ಆಗ್ತದ, ಹತ್ತಿಪ್ಪತ್ತು ಹೆಜ್ಜಿ ಹಾಕಿದ್ರ ಕಡಿಮಿ, ಸಂಜಿಗೆ ಮತ್ತ ಶುರು. ಎಕ್ಸ್‌ರೇ ತಗಸಿದ್ರ 'ಎಲುಬು ಬೆಳದದ' ಅಂದ್ರು. ಗೆಳೆಯರು ನಡದಂಗ ನಡದಂಗ ತಾನೇ ಹೋಗ್ತದ ಅಂತಾರ, ನಮ್ಮವ್ವ ಬಿಸಿ ಇಟ್ಟಂಗಿ ಮ್ಯಾಲೆ ಎಕ್ಕಿ ಎಲಿ ಹಾಕಿ ಹಿಮ್ಮಡ ಇಡು ಅಂತಾಳ, ಹೆಂಡತಿ ಮೊಣಕಾಲು ಸವದು ಹೋಗ್ತಾವು ಬಿಟ್ಟುಬಿಡ್ರಿ ಅಂತಾಳ. ಅರ್ಧಕ್ಕ ಬಿಟ್ರ ಕೊಟ್ಟವರಿಗೆ ಏನ್ ಮುಖ ತೋರಸ್ಲಿ? ಇನ್ನೊಂದು, ರೊಕ್ಕ ಎಲ್ಲಾ ನನ್ನ ಫೋನ್‌ಪೇಗೇ ಬರಾಕತ್ತದ, ಇದರಾಗ ಏನರ ತೊಂದ್ರಿ ಅದ ಏನ್ರಿ?

ಉತ್ತರ: ಸರ್, ನಾನು ಫಿಜಿಯೋಥೆರಪಿಸ್ಟ್, ನನ್ನ ದಿನದ ಅರ್ಧ ನಿಮ್ಮಂಥ ಹಿಮ್ಮಡ, ಮೊಣಕಾಲು, ಸೊಂಟ ನೋಡೂದರಾಗ ಹೋಗ್ತದ, ಇನ್ನರ್ಧ ನಿಮ್ಮ ಅಳಿಯನಂಥ ಮಕ್ಕಳ ಜೋಡಿ, ಹಿಂಗಾಗಿ ನಿಮ್ಮ ಪತ್ರದ ಎರಡೂ ಕಡಿ ನನಗ ಪರಿಚಯದ್ದೇ. ನಿಮ್ಮ ಚಿಂತಿ ಕಾಲಿಂದು ಕಡಿಮಿ, ಮುಖ ತೋರಿಸೂದರದ್ದು ಹೆಚ್ಚು ಅನಸ್ತದ ನನಗ. ಚಾಲೆಂಜ್ ಬಿಡಬ್ಯಾಡ್ರಿ. ಆದ್ರ 'ಒಂದು ದಿನಾನೂ ತಪ್ಪದಂಗ 10,000' ಅನ್ನೂ ನಿಯಮ ಅದಲ್ಲ, ಅದನ್ನ ಇವತ್ತೇ ಬಿಡ್ರಿ. ನಿಮ್ಮ ಕಾಲಿಗೆ ತ್ರಾಸ ಕೊಟ್ಟಿದ್ದು ನಡಿಗಿ ಅಲ್ಲ, ಆ ನಿಯಮ.

ಈ 10,000 ಎಲ್ಲಿಂದ ಬಂತು ಅಂದ್ರ, 1965ರಾಗ ಜಪಾನಿನ ಒಂದು ಕಂಪನಿ ಹೆಜ್ಜಿ ಎಣಿಸೂ ಮಷಿನ್ ಮಾರಾಕ ಇಟ್ಟ ಹೆಸರಿನ್ಯಾಗ ಆ ಸಂಖ್ಯೆ ಇತ್ತು, ಆಮ್ಯಾಲೆ ಇಡೀ ಜಗತ್ತು ಅದನ್ನ ಡಾಕ್ಟರ್ ಬರದ ಚೀಟಿ ಅನ್ನೂ ಹಂಗ ಹಿಡ್ಕೊಂತು. ಸಂಶೋಧನೆ ಆಗಿದ್ದು ಭಾಳ ತಡಾ. 2022ರಾಗ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯೊಳಗ ಬೇರೆ ಬೇರೆ ದೇಶದ 15 ಅಧ್ಯಯನ ಕೂಡಿಸಿ ನೋಡಿದ ವರದಿ ಬಂತು, ಅದರ ಪ್ರಕಾರ 60 ದಾಟಿದವರಿಗೆ 6,000ದಿಂದ 8,000 ಹೆಜ್ಜಿಗೆ, 60ರ ಒಳಗಿನವರಿಗೆ 8,000ದಿಂದ 10,000ಕ್ಕ ಲಾಭ ಏರೂದು ಹೆಚ್ಚುಕಮ್ಮಿ ನಿಲ್ತದ, ಮತ್ತ ದೊಡ್ಡ ಲಾಭ ಸಿಗೂದು ಭಾಳ ಕಡಿಮಿ ನಡಿಯೋರು ಸ್ವಲ್ಪ ಹೆಚ್ಚು ಮಾಡಿದಾಗ. ಅಂದ್ರ ನಿಮ್ಮ ವಯಸ್ಸಿಗೆ 10,000 ಕೆಟ್ಟ ಸಂಖ್ಯೆ ಏನಲ್ರಿ. 3,000ದಿಂದ ರಾತ್ರೋರಾತ್ರಿ ಅಲ್ಲಿಗೆ ಹಾರಿದ್ದು ತಪ್ಪು. ಲೆಕ್ಕ ಹಾಕ್ರಿ, ದಿನಕ್ಕ 7,000 ಹೆಜ್ಜಿ ಹೆಚ್ಚಾದ್ವು, ಒಂದೊಂದು ಕಾಲಿಗೆ 3,500, ಪ್ರತಿ ಸಲ ನಿಮ್ಮ 86 ಕೆಜಿಗಿಂತ ಸ್ವಲ್ಪ ಜಾಸ್ತಿನೇ ಭಾರ ಹಿಮ್ಮಡದ ಮ್ಯಾಲೆ, ಅದೂ ಗಟ್ಟಿ ಕಾಂಕ್ರೀಟ್ ರಸ್ತೆದಾಗ. ಎಂಟನೇ ದಿನದ ತನಕ ಅದು ತಡ್ಕೊಂಡಿದ್ದೇ ದೊಡ್ಡದು.

ನೀವು ಬರದ ಲಕ್ಷಣ, ಅಂದ್ರ ಮುಂಜಾನಿ ಮೊದಲ ಹೆಜ್ಜಿಗೆ ಚುಚ್ಚೂದು, ಸ್ವಲ್ಪ ನಡದ್ರ ಕಡಿಮಿ ಆಗೂದು, ದಿನದ ಕಡೀಕ ಮತ್ತ ಬರೂದು, ಇದು ಹೆಚ್ಚಾಗಿ ಪ್ಲಾಂಟರ್ ಫೇಶಿಯೈಟಿಸ್. ಹಿಮ್ಮಡದ ಎಲುಬಿನಿಂದ ಬೆರಳಿನ ಬುಡದ ತನಕ ಅಂಗಾಲಿನ ಕೆಳಗ ಒಂದು ದಪ್ಪ ಪಟ್ಟಿ ಇರ್ತದ, ಕಾಲಿನ ಕಮಾನು ಹಿಡದು ನಿಲ್ಲಸೂದು ಅದೇ. ರಾತ್ರಿ ಮಲಗಿದಾಗ ಪಾದ ಕೆಳಗ ಬಾಗಿ ಆ ಪಟ್ಟಿ, ಹಿಂದಿನ ಮೀನಖಂಡ ಎರಡೂ ಕುಗ್ಗಿರ್ತಾವು, ಮುಂಜಾನೆ ಒಮ್ಮೆಲೇ ಇಡೀ ಮೈಭಾರ ಬಿದ್ದ ಕೂಡ್ಲೆ ಎಳೀತದ, ಎಳದದ್ದಕ್ಕ ನೋವು. ಮೀನಖಂಡ ಬಿಗಿ ಇರೋರು, ತೂಕ ಇರೋರು, ಕೂತು ಕೆಲಸ ಮಾಡಿ ಒಮ್ಮೆಲೇ ನಡಿಯಾಕ ಶುರು ಮಾಡೋರು, ಇವರಿಗೆ ಭಾಳ ಬರ್ತದ. ಶುಗರ್ ಇದ್ದವರಲ್ಲಿ ಆ ಪಟ್ಟಿ ದಪ್ಪ ಆಗಿ ಬಿರುಸಾಗೂದೂ ಅದ.

ಇನ್ನ 'ಎಲುಬು ಬೆಳದದ' ಅನ್ನೂ ಮಾತು. ನನ್ನ ಕಡೆ ಬರೂ ಹತ್ತು ಮಂದಿಯೊಳಗ ಅರ್ಧ ಮಂದಿ ಆ ಎಕ್ಸ್‌ರೇ ಕವರ್ ಹಿಡ್ಕೊಂಡೇ ಬರ್ತಾರ, ಒಳಗ ಮುಳ್ಳು ಬೆಳದು ಮಾಂಸಕ್ಕ ಚುಚ್ಚಾಕತ್ತದ ಅಂತ ಹೆದರಿ. ಖರೇ ಏನಂದ್ರ ಒಂದು ರವಾನೂ ನೋವಿಲ್ಲದ ಎಷ್ಟೋ ಮಂದಿ ಎಕ್ಸ್‌ರೇದಾಗೂ ಆ ಮುಳ್ಳು ಕಾಣಸ್ತದ, ಮತ್ತ ನೋವು ಪೂರ್ತಿ ಹೋದಮ್ಯಾಲೂ ಅದು ಅಲ್ಲೇ ಇರ್ತದ. ಅದನ್ನ ಕೆತ್ತಿ ತಗೀಬೇಕು ಅಂತ ಯಾರರ ಅಂದ್ರ ಮೊದಲ ಎರಡನೇ ಅಭಿಪ್ರಾಯ ತಗೋರಿ.

ಗೆಳೆಯರ ಮಾತಿಗೆ ಬರೋಣು. ನಡದಂಗ ನಡದಂಗ ಹೋಗ್ತದ ಅನ್ನೂದು ನಮ್ಮ ಕಡೆ ಹುಟ್ಟಿದ್ದೇ ಪಾದಯಾತ್ರಿಯಿಂದ. ಯುಗಾದಿ ಮುಂದ ಶ್ರೀಶೈಲಕ್ಕ ನಮ್ಮ ಜಿಲ್ಲಾದಿಂದ, ಬಾಗಲಕೋಟಿ, ಬೆಳಗಾವಿ ಕಡಿಂದ ಕಂಬಿ ಹೊತ್ತು ನಡಕೊಂಡು ಹೋಗೋರನ್ನ ನೋಡೀವಿ, ಬೊಬ್ಬಿ ಎದ್ರೂ ಅರಿವಿ ಸುತ್ತಿ ನಡೀತಾರ, ಮಲ್ಲಯ್ಯ ನಡಸ್ತಾನ ಅಂತಾರ. ಆ ಭಕ್ತಿಗೆ ನಾನು ಒಂದು ಮಾತೂ ಅನ್ನೂದಿಲ್ಲ. ಆದ್ರ ಅವರೊಳಗ ಬ್ಯಾಸಗಿ ಹೊಲದಾಗ ದಿನಾ ನಡದು ಕಾಲು ಗಟ್ಟಿ ಆದವರು ಭಾಳ, ಮತ್ತ ಹೊಳ್ಳಿ ಬಂದಮ್ಯಾಲೆ ನಮ್ಮ ಕಡೆ ಬಂದು ಕೂಡ್ರೋರನ್ನ ಗ್ರೂಪಿನ ಫೋಟೋದಾಗ ಯಾರೂ ತೋರಸೂದಿಲ್ಲ. ಈ ನೋವಿನ ಮ್ಯಾಲೆ ಹಟ ಹಿಡದು ನಡದ್ರ ಎರಡು ತಿಂಗಳಿಗೆ ವಾಸಿ ಆಗೂದು ವರ್ಷ ಹಿಡೀತದ, ಅಷ್ಟ. ಮ್ಯಾಲೆ ಆ ಹಿಮ್ಮಡ ಉಳಸ್ಕೊಳಾಕ ಹೋಗಿ ವಾರೆ ಹೆಜ್ಜಿ ಹಾಕಿ ಬಲಗಾಲಿನ ಮೊಣಕಾಲು, ಸೊಂಟ ಹಿಡಿಸ್ಕೊಂಡು ಬರ್ತಾರ.

ನಿಮ್ಮ ಮನಿಯವರ ಹೆದರಿಕಿ ಮಾತ್ರ ಸುಳ್ಳು, ಹೇಳಿಬಿಡ್ರಿ ಅವರಿಗೆ. ನಡದ್ರ ಮೊಣಕಾಲು ಸವಿಯೂದಿಲ್ಲ. ಕೀಲಿನೊಳಗಿನ ಮೆದು ಎಲುಬಿಗೆ ಆಹಾರ ಸಿಗೂದೇ ಭಾರ ಬಿದ್ದು ಬಿಟ್ಟು ಮಾಡಿದಾಗ, ಮೊಣಕಾಲು ಸವತ ಇದ್ದವರಿಗೂ ನಾವು ಮೊದಲ ಹೇಳೂ ಮದ್ದು ನಡಿಗಿ, ವ್ಯಾಯಾಮನೇ.

ಅವ್ವನ ಎಕ್ಕಿ ಎಲಿ ಮಾತ್ರ ಜರಾ ಗಂಭೀರ ಆಗಿ ತಗೋರಿ. ಬಿಸಿ ಕೊಟ್ರ ಕೆಲವರಿಗೆ ಹಿತ ಅನಸ್ತದ, ಸುಳ್ಳಲ್ಲ, ಶುಗರ್ ಇಲ್ಲದವರು ಉಗುರುಬೆಚ್ಚಗ ಮಾಡ್ಕೊಂಡ್ರ ಏನೂ ಆಗೂದಿಲ್ಲ. ಆದ್ರ ಶುಗರ್ ಇದ್ದವರ ಪಾದದ ನರ ನಿಧಾನಕ ಸ್ಪರ್ಶ ಕಳ್ಕೋತಾವು, ಗೊತ್ತೇ ಆಗೂದಿಲ್ಲ. ಇಟ್ಟಂಗಿ ಎಷ್ಟು ಕಾದದ ಅನ್ನೂದು ತಿಳಿಯೂದಿಲ್ಲ, ಎಕ್ಕಿ ಹಾಲು ಬ್ಯಾರೆ ಚರ್ಮ ಸುಡ್ತದ. ಹಿಮ್ಮಡದಾಗ ರೂಪಾಯಿ ಅಗಲ ಸುಟ್ಟು ಗುಳ್ಳಿ ಎದ್ದು, ಮೂರು ದಿನ ಆದಮ್ಯಾಲೆ ಕಾಲುಚೀಲಕ್ಕ ಕೀವು ಹತ್ತಿದ್ದು ನೋಡಿ ಬಂದವರ ಗಾಯ ನಾನು ನೋಡೀನಿ, ಆ ಗಾಯ ಮಾಯಾಕ ತಿಂಗಳುಗಟ್ಟಲೆ ಹಿಡೀತದ, ಕೆಲವರಿಗೆ ಕಾಲು ಹೋಗೂ ತನಕ ಬರ್ತದ. ಹಿಂಗಾಗಿ ನಿಮಗ ಇಟ್ಟಂಗಿ ಬ್ಯಾಡ. ಅವ್ವಗ ಬ್ಯಾಸರ ಆಗ್ಬಾರ್ದು ಅಂದ್ರ ಮೀನಖಂಡಕ್ಕ ಎಣ್ಣಿ ಹಚ್ಚಿ ತಿಕ್ಕು ಅನ್ರಿ, ಅದರಿಂದ ಲಾಭನೇ ಅದ.

ನೀವು ಚಾಲೆಂಜ್ ಶುರು ಮಾಡೂ ಮೊದಲೇ ಆಗಬೇಕಿದ್ದ ಪರೀಕ್ಷೆ ಒಂದದ, ಈಗರ ಮಾಡಸ್ರಿ: ಮೊನೊಫಿಲಮೆಂಟ್ ಅಂತ ನೈಲಾನ್ ಎಳಿ ಇರ್ತದ, 10 ಗ್ರಾಂ ಒತ್ತಡಕ್ಕ ಬಾಗೂವಂಥದ್ದು, ಕಣ್ಣು ಮುಚ್ಚಿಸಿ ಅಂಗಾಲಿನ ಬೇರೆ ಬೇರೆ ಜಾಗಕ್ಕ ಮುಟ್ಟಸ್ತಾರ, ಹತ್ತೀತಾ ಇಲ್ಲಾ ಹೇಳಬೇಕು. ಐದು ನಿಮಿಷದ ಕೆಲಸ. ಸ್ಪರ್ಶ ಕಡಿಮಿ ಇದ್ರ ನಾನು ಮುಂದ ಹೇಳೂ ಐಸ್ ಬಾಟಲಿನೂ ಬ್ಯಾಡ.

ಈಗ ಮಾಡೂದು ಏನು. ಮುಂಜಾನೆ ಕಣ್ಣು ಬಿಟ್ಟಮ್ಯಾಲೆ ಕಾಲು ಕೆಳಗ ಇಡಬ್ಯಾಡ್ರಿ, ಹಾಸಿಗಿ ಮ್ಯಾಲೆ ಕೂತು ಒಂದು ಟಾವೆಲ್ ಪಾದದ ಬೆರಳಿನ ಕೆಳಗ ಹಾಕಿ ನಿಮ್ಮ ಕಡೆ ಎಳೀರಿ, ಮೊಣಕಾಲು ನೇರ, ಹತ್ತು ಎಣಿಸೂ ತನಕ, ಹಿಂಗ ಹತ್ತು ಸಲ. ಆಮ್ಯಾಲೆ ಚಪ್ಪಲಿ ಹಾಕ್ಕೊಂಡೇ ಇಳೀರಿ. ನಮ್ಮ ಮನಿಗಳ ಶಹಾಬಾದ್ ಫರಸಿ ಬ್ಯಾಸಗ್ಯಾಗ ತಂಪು ಖರೇ, ಆದ್ರ ಅಷ್ಟು ಗಟ್ಟಿ ನೆಲದ ಮ್ಯಾಲೆ ಬರಿಗಾಲಿನ ಮೊದಲ ಹೆಜ್ಜಿ ಇಡೂದು ಈ ಬ್ಯಾನಿಗೆ ದಿನಾ ಹೊಸ ಪೆಟ್ಟು ಕೊಟ್ಟಂಗ. ಮನ್ಯಾಗ ಹಾಕ್ಕೊಳಾಕ ಮೆತ್ತನ್ನ ಚಪ್ಪಲಿ ಬ್ಯಾರೆ ಇಟ್ಕೊಳ್ರಿ, ದೇವರ ಮನಿ ಒಂದು ಬಿಟ್ಟು. ದಿನದಾಗ ಎರಡು ಮೂರು ಸಲ ಗ್ವಾಡಿಗೆ ಕೈ ಕೊಟ್ಟು, ಒಂದು ಕಾಲು ಹಿಂದ, ಹಿಮ್ಮಡ ನೆಲ ಬಿಡದಂಗ ಮುಂದ ಬಾಗಿ ಮೀನಖಂಡ ಎಳಕೊಳ್ರಿ, ಬ್ಯಾಂಕಿನ ಕಾರಿಡಾರಿನ್ಯಾಗೂ ಮಾಡಬಹುದು, ಗಿರಾಕಿ ನೋಡಿದ್ರ ನೋಡ್ಲಿ. ಇವೆರಡಕ್ಕಿಂತ ನನಗ ಹೆಚ್ಚು ನಂಬಿಕಿ ಇರೂದು ಮೂರನೇದರ ಮ್ಯಾಲೆ: ಮೆಟ್ಟಲ ತುದಿಗೆ ನಿಂತು, ಬೆರಳಿನ ಕೆಳಗ ಸುತ್ತಿದ ಟಾವೆಲ್ ಇಟ್ಟು, ಮೂರು ಸೆಕೆಂಡಿನ್ಯಾಗ ಹಿಮ್ಮಡ ಮ್ಯಾಲೆ ಎತ್ತೂದು, ಎರಡು ಸೆಕೆಂಡ್ ನಿಲ್ಲೂದು, ಮೂರು ಸೆಕೆಂಡಿನ್ಯಾಗ ಇಳಸೂದು, ಹನ್ನೆರಡು ಸಲ. ಇದನ್ನ ದಿನಾ ಬ್ಯಾಡ, ದಿನ ಬಿಟ್ಟು ದಿನ. ಮೊದಲ ಎರಡೂ ಕಾಲಿನ ಮ್ಯಾಲೆ, ತಡದಂಗ ಒಂದೇ ಕಾಲಿನ ಮ್ಯಾಲೆ. ಗೋಡೆ ಹಿಡ್ಕೋರಿ, ಬಿದ್ದು ಮತ್ತ ಕೈ ಮುರಕೊಂಡು ಬರಬ್ಯಾಡ್ರಿ. ಸ್ಪರ್ಶ ಸರಿ ಇದ್ರ ಸಂಜಿಮುಂದ ನೀರು ಹೆಪ್ಪುಗಟ್ಟಿದ ಬಾಟಲಿ ಕಾಲುಚೀಲದ ಮ್ಯಾಲಿಂದ ಅಂಗಾಲಿನ ಕೆಳಗ ಹತ್ತು ನಿಮಿಷ ಉರುಳಸ್ರಿ.

ಬೂಟಿನ ಸುದ್ದಿ ನೀವು ಬರದಿಲ್ಲ. ಮೂರು ವರ್ಷ ಹಳೇ ಬೂಟು ಇದ್ರ ಅದರ ಕೆಲಸ ಮುಗದದ, ನಡಿಯೂ ಬೂಟು ಹೆಚ್ಚುಕಮ್ಮಿ 500ರಿಂದ 800 ಕಿಲೋಮೀಟರ್ ಬಾಳ್ತಾವು, ನಿಮ್ಮ ಇಡೀ ಚಾಲೆಂಜೇ 420 ಕಿಲೋಮೀಟರಿನ ಮ್ಯಾಲೆ ಆಗ್ತದ. ಹೊಸಾದು ತಗೋಳಾಕ ಸಂಜಿಮುಂದ ಹೋಗ್ರಿ, ಆವಾಗ ಕಾಲು ಸ್ವಲ್ಪ ಉಬ್ಬಿರ್ತದ, ಹೆಬ್ಬೆರಳಿನ ಮುಂದ ಒಂದು ಬೆರಳ ಅಗಲ ಜಾಗ ಇರಬೇಕು. ಅಥಣಿ, ನಿಪ್ಪಾಣಿ ಚಪ್ಪಲಿ ಮದಿವಿಗೆ ಚಲೋ, ಏಳು ಕಿಲೋಮೀಟರಿಗೆ ಅಲ್ಲ. ರಾತ್ರಿ ಮಲಗೂ ಮುಂದ ಅಂಗಾಲು ನೋಡ್ಕೋರಿ, ಬಗ್ಗಾಕ ಬರದಿದ್ರ ಕನ್ನಡಿ ಕೆಳಗ ಇಟ್ಟು.

ಗ್ಲಿಮೆಪಿರೈಡ್ ಬಗ್ಗೆ ಒಂದು ಮಾತು. ಬರೇ ಮೆಟ್‌ಫಾರ್ಮಿನ್ ಇದ್ದವರಿಗೆ ನಡದಾಗ ಶುಗರ್ ಕುಸಿಯೂದು ಅಪರೂಪ, ನಿಮ್ಮ ಗುಳಗ್ಯಾಗ ಇರೂ ಎರಡನೇದು ಕುಸಸ್ತದ. ಗುಳಗಿ ತಗೊಂಡು ತಿಂಡಿ ಮುಂದ ಹಾಕಿ ನಡಿಯಾಕ ಹೋಗೂದು ಎಂದೂ ಬ್ಯಾಡ. ಗ್ಲೂಕೋಮೀಟರ್ ಇದ್ರ ಹೊರಡೂ ಮುಂದ ನೋಡ್ರಿ, 100ರ ಕೆಳಗ ಇದ್ರ ಏನರ ತಿಂದು ಹೋಗ್ರಿ. ಕಿಸೆದಾಗ ಗ್ಲೂಕೋಸ್ ಇಲ್ಲಾ ಸಕ್ರಿ ಇರ್ಲಿ, ಕೈ ನಡುಗಿ ಬೆವತು ಕಣ್ಣು ಮಂಜಾದ್ರ ಮೂರು ಚಮಚ ಸಕ್ರಿ ತಿಂದು ಕೂಡ್ರಿ, 15 ನಿಮಿಷ ಬಿಟ್ಟು ಹೊಳ್ಳಿ ನೋಡ್ರಿ. ನಡಿಗಿ ಹೆಚ್ಚು ಮಾಡೀನಿ ಅಂತ ನಿಮ್ಮ ಡಾಕ್ಟರಿಗೆ ಹೇಳ್ರಿ, ಗುಳಗಿ ಪ್ರಮಾಣ ಅವರು ಬದಲಿ ಮಾಡ್ಬೇಕಾಗಬಹುದು, ನೀವಾಗೇ ಬಿಡಬ್ಯಾಡ್ರಿ. ಮಾರ್ಚ್ ಅರ್ಧಕ್ಕ ಬಂದ್ರ ವಿಜಯಪುರದ ಬಿಸಲು ಹೇಳೂದೇ ಬ್ಯಾಡ, ಮುಂಜಾನಿ ಏಳರೊಳಗ ಮುಗಸ್ರಿ, ಸ್ಟೇಷನ್ ರೋಡ್ ಬಿಟ್ಟು ಅಂಬೇಡ್ಕರ್ ಸ್ಟೇಡಿಯಂ ಮಣ್ಣಿನ ಮ್ಯಾಲೆ ನಡದ್ರ ಹಿಮ್ಮಡಕ್ಕೂ ಮೆತ್ತಗ.

ಚಾಲೆಂಜ್ ಮುಂದುವರಸೂದು ಹೆಂಗ? ಹಿಂಗೇ 10,000 ನಡೀತೀನಿ ಅಂದ್ರ ನೀವು 60 ಮುಟ್ಟಲೂಬಹುದು, ಮುಟ್ಟಿದವರನ್ನ ನೋಡೀನಿ, ಆದ್ರ ಮಳಿಗಾಲದ ತನಕ ಕುಂಟೂದು ಗ್ಯಾರಂಟಿ. ಪೂರ್ತಿ ಬಿಟ್ಟು ಕೂತ್ರ ನೋವು ಕಡಿಮಿ ಆಗ್ತದ, ಹೊಳ್ಳಿ ಶುರು ಮಾಡಿದ ಕೂಡ್ಲೆ ಬರ್ತದ, ಯಾಕಂದ್ರ ಪಟ್ಟಿ ಗಟ್ಟಿ ಆಗಿರೂದಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ ಕೊಡಸ್ಕೊಂಡು ನಡಿಯೂ ಐಡಿಯಾ ಯಾರರ ಕೊಟ್ಟಿದ್ರ ಬ್ಯಾಡ ಅಂತೀನಿ: ಕೆಲವು ವಾರ ಹಿತ ಅನಸ್ತದ, ಆದ್ರ ಶುಗರ್ ಕೆಲವು ದಿನ ಏರ್ತದ, ಮತ್ತ ನೋವು ಗೊತ್ತಾಗದ ಹಿಮ್ಮಡದ ಮ್ಯಾಲೆ 10,000 ಹೆಜ್ಜಿ ಹಾಕಿದ್ರ ಆ ಪಟ್ಟಿನೇ ಹರಿಯೂ ಅಪಾಯ.

ನಾನು ಹೇಳೂ ದಾರಿ ಇದು. ಗುರಿ ದಿನದ್ದು ಬಿಟ್ಟು ಒಟ್ಟಿನದು ಮಾಡ್ರಿ, ಅಂದ್ರ 60 ದಿನಕ್ಕ 6 ಲಕ್ಷ ಹೆಜ್ಜಿ. 1,20,000 ನೀವು ಹಾಕಿ ಆತು. ಉಳದ 48 ದಿನಕ್ಕ 4,80,000. ಇದರಾಗ ಅರ್ಧ ನೀವು, ಅರ್ಧ ಮನಿಯವರು, ಆಫೀಸಿನವರು. ನಿಮ್ಮ ಪಾಲಿಗೆ ದಿನಕ್ಕ ಸರಾಸರಿ 5,000 ಬೀಳ್ತದ. ಮೊದಲ ಹತ್ತು ದಿನ 4,000 ದಾಟಬ್ಯಾಡ್ರಿ, ಆಮ್ಯಾಲೆ ವಾರಕ್ಕ 500 ಏರಿಸ್ರಿ, ವಾರದಾಗ ಒಂದೆರಡು ದಿನ ಹಗುರ ಇರ್ಲಿ. ಏರಿಸಬೇಕೋ ಬ್ಯಾಡೋ ಅನ್ನೂದು ಮರುದಿನದ ಮೊದಲ ಹೆಜ್ಜಿ ಹೇಳ್ತದ: ನೋವಿಗೆ ಹತ್ತರಾಗ ಎಷ್ಟು ಅಂತ ಮಾರ್ಕ್ ಕೊಡ್ರಿ, ಮೂರರ ಒಳಗ ಇದ್ದು ನಿನ್ನೆಗಿಂತ ಹೆಚ್ಚಿಲ್ಲ ಅಂದ್ರ ಮುಂದ ಹೋಗ್ರಿ, ಐದಾದ್ರ ಎರಡು ದಿನ ಹಿಂದ ಸರೀರಿ. ಮತ್ತ ಅಳಿಯನನ್ನ ಬಿಡಬ್ಯಾಡ್ರಿ ಇದರಾಗ. ಅವನಿಗಾಗಿ ನಡಿಯೂ ಚಾಲೆಂಜಿನ್ಯಾಗ ಅವನೇ ಇಲ್ಲ ಅಂದ್ರ ಹೆಂಗ? ಮಾಮಾ ವೀಲ್‌ಚೇರ್ ತಳ್ಳಿದ ದೂರ, ಅಂವ ತಾನೇ ಚಕ್ರ ತಿರುಗಿಸಿದ ದೂರ, ಎರಡೂ ಒಟ್ಟಿನ ಲೆಕ್ಕಕ್ಕ ಸೇರಸ್ರಿ. ಅವನ ಪಾದ, ಬೆನ್ನು ಸರಿ ಆಸರಕ್ಕ ಕೂತಾವೋ ಇಲ್ಲೋ ಅವನ ಥೆರಪಿಸ್ಟಿಗೆ ತೋರಿಸಿ ಹೋಗ್ರಿ.

ನಡು ರಾತ್ರಿ ಮಲಗಿದಾಗೂ ನೋವು, ಹಿಮ್ಮಡ ಎರಡೂ ಕಡಿಂದ ಹಿಚುಕಿದ್ರ ಜೀವ ಹೋದಂಗ ನೋವು, ಪಾದ ಕೆಂಪಾಗಿ ಬಿಸಿಯಾಗಿ ಬಾವು, ಒಂದೇ ಮೀನಖಂಡ ಉಬ್ಬೂದು, ನಡದಾಗ ಎದಿ ಹಿಡಿಯೂದು, ಇದರಾಗ ಯಾವುದು ಕಂಡ್ರೂ ಅವತ್ತೇ ದವಾಖಾನಿಗೆ ಹೋಗ್ರಿ, ಹೆಜ್ಜಿ ಎಣಿಸ್ಕೋತ ಕೂಡಬ್ಯಾಡ್ರಿ.

ರೊಕ್ಕದ ಮಾತು. ನೀವು ಬ್ಯಾಂಕಿನವರು, ನನಗಿಂತ ನಿಮಗೇ ಹೆಚ್ಚು ಗೊತ್ತು, ಆದ್ರೂ ಸಂಸ್ಥೆಗಳ ಒಳಗ ಕೆಲಸ ಮಾಡಿ ನೋಡಿದ್ದಕ್ಕ ಹೇಳ್ತೀನಿ, ಪಟ್ಟಿ ಎತ್ತಿದ ರೊಕ್ಕ ಸ್ವಂತ ಫೋನ್‌ಪೇಗೆ ಬರೂದು ನಿಲ್ಲಸ್ರಿ. ಸಂಬಂಧಿಕರಲ್ಲದವರಿಂದ ವರ್ಷಕ್ಕ ಒಟ್ಟು 50,000 ದಾಟಿದ್ರ ಅದು ನಿಮ್ಮ ಆದಾಯ ಅಂತ ತೆರಿಗಿ ಲೆಕ್ಕಕ್ಕ ಬರಬಹುದು. ಸಂಸ್ಥೆಯ ಖಾತೆಯ ಕ್ಯೂಆರ್ ಕೋಡ್ ತಗೊಂಡು ಅದನ್ನೇ ಗ್ರೂಪಿಗೆ ಹಾಕ್ರಿ, ಅವರಿಗೆ 80ಜಿ ನೋಂದಣಿ ಇದ್ರ ಹಳೇ ತೆರಿಗಿ ಪದ್ಧತಿಯೊಳಗ ಇದ್ದ ದಾನಿಗಳಿಗೆ ವಿನಾಯಿತಿನೂ ಸಿಗ್ತದ, ನಗದು 2,000 ದಾಟಿದ್ರ ಮಾತ್ರ ಸಿಗೂದಿಲ್ಲ. ಅಮೆರಿಕಾ ಪೌರತ್ವ ತಗೊಂಡ ಗೆಳೆಯರು ಕೊಡ್ತೀವಿ ಅಂದ್ರ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದ್ರ ವಿದೇಶಿ ದೇಣಿಗಿ ತಗೊಳಾಕ ಬೇಕಾದ ಸರಕಾರಿ ನೋಂದಣಿ, ಇರಬೇಕು, ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ದುಬೈದಾಗ ಇದ್ದವರಿಗೆ ಆ ತ್ರಾಸ ಇಲ್ಲ. ಇಲ್ಲೀತನಕ ನಿಮ್ಮ ಕಡೆ ಬಂದದ್ದನ್ನ ಹೆಸರು ಸಮೇತ ಬರದು ಒಮ್ಮೆಲೇ ಸಂಸ್ಥೆಗೆ ಕಳಿಸಿ ರಸೀದಿ ಗ್ರೂಪಿಗೆ ಹಾಕಿಬಿಡ್ರಿ.

ಮತ್ತ ಏನ್ ಕೊಡಸ್ತೀರಿ ಅನ್ನೂದು ಸಂಸ್ಥೆಯವರನ್ನ ಕೇಳಿ ತೀರ್ಮಾನ ಮಾಡ್ರಿ. ದಾನಿಗಳಿಗೆ ಮಷಿನ್ ಕೊಡಸಾಕ ಪ್ರೀತಿ, ಅದರ ಮ್ಯಾಲೆ ಹೆಸರು ಬರಸಬಹುದಲ್ಲ. ಆದ್ರ ವೀಲ್‌ಚೇರ್‌ನಂಥ ಸಾಮಾನು ಅಂಗವಿಕಲರಿಗೆ ಸಲಕರಣಿ ಕೊಡೂ ಕೇಂದ್ರ ಸರಕಾರದ ಅಡಿಪ್ ಯೋಜನೆಯೊಳಗ, ಆ ಸಲಕರಣಿ ಮಾಡೂ ಸರಕಾರಿ ಕಂಪನಿ ಅಲಿಮ್ಕೋದ ಶಿಬಿರದಾಗ ಬಡ ಕುಟುಂಬಕ್ಕ ಉಚಿತ ಸಿಗ್ತಾವು, ಯುಡಿಐಡಿ ಕಾರ್ಡ್, ಅಂದ್ರ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿಟ್ಟಿರ್ರಿ, ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು ಅದಕ್ಕ ಸಹಾಯ ಮಾಡ್ತಾರ. ಸೆರೆಬ್ರಲ್ ಪಾಲ್ಸಿ ಇದ್ದವರಿಗೆ ನಿರಾಮಯ ಅಂತ 1 ಲಕ್ಷದ ವಿಮೆನೂ ಅದ, ನಿಮ್ಮ ತಂಗಿ ಮಾಡಿಸ್ಯಾರೋ ಇಲ್ಲೋ ಕೇಳ್ರಿ. ಯಾರೂ ಕೊಡದೇ ಇರೂದು ತಿಂಗಳ ಖರ್ಚು: ಥೆರಪಿಸ್ಟಿನ ಪಗಾರ, ಮಗು ಬೆಳದಂಗ ಗಿಡ್ಡ ಆಗೂ ಎಎಫ್‌ಓ ಬೂಟು (ಪಾದ, ಪಾದದ ಕೀಲು ಸರಿ ಹಿಡದು ನಿಲ್ಲಸೂ ಆಸರ), ದೂರದ ಹಳ್ಳಿಯಿಂದ ಬರೂ ತಾಯಂದಿರ ಕೂಲಿ. 2023ರಿಂದ ಶಕ್ತಿ ಯೋಜನೆಯೊಳಗ ತಾಯಿಗೆ ಬಸ್ ಚಾರ್ಜ್ ಇಲ್ಲ ಖರೇ, ಆದ್ರ ಆ ದಿನದ ಕೂಲಿ ಹೋಗ್ತದ, ಹಿಂಗಾಗಿ ಸುಗ್ಗಿ ಬಂದ್ರ ಮಕ್ಕಳು ಥೆರಪಿಗೆ ಬರೂದು ನಿಲ್ತದ, ಎರಡು ತಿಂಗಳು ಬಿಟ್ಟು ಬಂದಾಗ ಮೀನಖಂಡ ಬಿಗದು ಎಎಫ್‌ಓ ಒಳಗ ಕಾಲೇ ಕೂಡೂದಿಲ್ಲ. ಒಂದೇ ಸಲ 1,200 ಕೊಡೂ ಗೆಳೆಯನಿಗೆ ತಿಂಗಳಿಗೆ 100ರಂತೆ ವರ್ಷ ಕೊಡು ಅನ್ರಿ, ಸಂಸ್ಥೆಗೆ ಅದು ಹೆಚ್ಚು ಉಪಯೋಗ.

ಹುಡುಗನ ಫೋಟೋ ಹಾಕೂ ವಿಚಾರ ಇದ್ರ ತಂಗಿನ್ನೂ ಕೇಳ್ರಿ, ಅವನನ್ನೂ ಕೇಳ್ರಿ. 9 ವರ್ಷದ ಹುಡುಗ, ಮಾತು ತಡಾ ಬಂದ್ರೂ ಎಲ್ಲಾ ತಿಳೀತದ ಅವಕ್ಕ, 'ಪಾಪ' ಅನ್ನೂ ಕಮೆಂಟ್ ಸಮೇತ.

ಗ್ರೂಪಿಗೆ ಏನ್ ಬರೀಲಿ ಅಂತ ತಲಿ ಕೆಡಿಸ್ಕೋಬ್ಯಾಡ್ರಿ, ಹಿಂಗ ಹಾಕ್ರಿ: "ಗೆಳೆಯರೇ, ಹಿಮ್ಮಡ ಹಿಡದದ, ದಿನಾ 10,000 ಆಗೂದಿಲ್ಲ. ಗುರಿ 6 ಲಕ್ಷ ಹೆಜ್ಜಿ ಅದೇ ಅದ, ನಾನು 1,20,000 ಹಾಕೀನಿ, ಉಳದದ್ದರಾಗ ಅರ್ಧ ನನ್ನದು, ಅರ್ಧಕ್ಕ ಮಂದಿ ಬೇಕು. ನಾಳೆ ಮುಂಜಾನೆ ಆರಕ್ಕ ಸ್ಟೇಡಿಯಂ, ನಾನು ಅಳಿಯನ ವೀಲ್‌ಚೇರ್ ತಳ್ಕೋತ ಬರ್ತೀನಿ. ಇವತ್ತಿಂದ ರೊಕ್ಕ ನನ್ನ ನಂಬರಿಗೆ ಬ್ಯಾಡ, ಕೆಳಗಿನ ಸಂಸ್ಥೆಯ ಕೋಡಿಗೆ ಹಾಕ್ರಿ. ಇಲ್ಲೀತನಕ ಬಂದದ್ದರ ಲೆಕ್ಕ, ರಸೀದಿ ಜೋಡಿಸೀನಿ."